ತಮ್ಮನ ನೆನಪಿಗೆ ರಕ್ತದಾನ ಶಿಬಿರ

ಪ್ರಶ್ನೆ: ಥಲಸ್ಸೇಮಿಯಾ ಇದ್ದ ನನ್ನ ತಮ್ಮ ಹೋದ ವರ್ಷ, 23ನೇ ವಯಸ್ಸಿಗೆ ತೀರಿಕೊಂಡ. ಅವನ ವರ್ಷದ ತಿಥಿಗೆ ರಕ್ತದಾನ ಶಿಬಿರ ಮಾಡುವ ಆಸೆ. ಅವನ ಮಾತ್ರೆಗಳು ಉಳಿದಿವೆ. ನನ್ನ ಮದುವೆ ನಿಶ್ಚಯವಾಗಿದೆ. ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಉತ್ತರ: ಖಂಡಿತ ಮಾಡಿಸಿ. ಪರವಾನಗಿ ಇರುವ ರಕ್ತನಿಧಿ ಕೇಂದ್ರದವರ ಜೊತೆ ತಿಂಗಳ ಮೊದಲೇ ಮಾತಾಡಿ. ದಾನಿಗೆ 18 ವರ್ಷ ತುಂಬಿರಬೇಕು; ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಕೆಂಪು ರಕ್ತಕಣ ಶೇಖರಿಸಿಟ್ಟರೂ 42 ದಿನಕ್ಕಿಂತ ಹೆಚ್ಚು ಬಾಳದು. ಥಲಸ್ಸೇಮಿಯಾ ಇರುವ ಮಕ್ಕಳಿಗೋ ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಆದ್ದರಿಂದ ಒಂದೇ ದಿನಕ್ಕೆ ನಿಲ್ಲಿಸದೆ, ಬಂಧುಗಳು ಸರದಿಯಂತೆ ವರ್ಷವಿಡೀ ಕೊಡಲಿ: ಗಂಡಸರು ಮೂರು, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಕಬ್ಬಿಣಾಂಶ ಇಳಿಸುವ ಆ ಮಾತ್ರೆಗಳನ್ನು ಬೇರೆ ರೋಗಿಗೆ ನೀವೇ ಕೊಡಬೇಡಿ. ಡೋಸು ರೋಗಿಯ ತೂಕ, ಕಬ್ಬಿಣಾಂಶ ತೋರಿಸುವ ಫೆರಿಟಿನ್ ಮಟ್ಟ, ಕಿಡ್ನಿ ನೋಡಿ ನಿರ್ಧಾರವಾಗುತ್ತದೆ. ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳಿ.

ಮದುವೆಗೆ ಮೊದಲು ನೀವು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಲೇಬೇಕು. ನೀವು ಥಲಸ್ಸೇಮಿಯಾ ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು; ವಾಹಕರಾಗಿರುವುದು ಕಾಯಿಲೆಯಲ್ಲ. ಹುಡುಗನೂ ವಾಹಕನಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಆಗ ಗರ್ಭಧಾರಣೆಗೆ ಮೊದಲೇ ತಳಿತಜ್ಞರನ್ನು ಕಾಣಿ. ಬಸಿರಿನ 11–12ನೇ ವಾರದಲ್ಲೇ ಮಗುವಿನ ಪರೀಕ್ಷೆ ಸಾಧ್ಯ.

ಅಮ್ಮನನ್ನು ಈ ವಾರವೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಬದುಕು ಬೇಡ ಎಂಬ ಮಾತು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ; ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ.