ಸವಳು-ಜವಳು ಹಸ್ತಪ್ರತಿಯ ಆಕರಸೂಚಿ

ವೈಜ್ಞಾನಿಕ ನಿಯತಕಾಲಿಕೆಗೆ ಕಳುಹಿಸುವ ಹಸ್ತಪ್ರತಿಯಲ್ಲಿ, ಒಂದು ಹೇಳಿಕೆ ಎಲ್ಲಿಂದ ಬಂತೆಂದು ಪಠ್ಯದ ನಡುವೆಯೇ ಸೂಚಿಸುವ ಗುರುತಿಗೆ ಉಲ್ಲೇಖವೆಂದೂ, ಆ ಮೂಲದ ಪೂರ್ಣ ವಿವರಗಳನ್ನು ಕೊನೆಯಲ್ಲಿ ಒಟ್ಟುಗೂಡಿಸಿ ಕೊಡುವ ಪಟ್ಟಿಗೆ ಆಕರಸೂಚಿಯೆಂದೂ ಹೆಸರು. ಇವುಗಳನ್ನು ಬರೆಯುವ ಶೈಲಿಗಳಲ್ಲಿ ಎರಡು ಮುಖ್ಯ ಕುಲಗಳಿವೆ. ಲೇಖಕನ ಹೆಸರು ಮತ್ತು ವರ್ಷವನ್ನು ಪಠ್ಯದಲ್ಲೇ ಕೊಡುವ ಪದ್ಧತಿಯು ಪ್ರಾಣಿವಿಜ್ಞಾನಿ ಎಡ್ವರ್ಡ್ ಮಾರ್ಕ್ 1881ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದುದೆಂದು ಹೇಳಲಾಗುತ್ತಿದ್ದು, ಆತನ ವಿಶ್ವವಿದ್ಯಾಲಯದಿಂದಾಗಿ ಅದಕ್ಕೆ ಹಾರ್ವರ್ಡ್ ಶೈಲಿಯೆಂಬ ಹೆಸರು ನಿಂತಿದೆ. ಮೂಲಗಳಿಗೆ ಅವು ಬಂದ ಅನುಕ್ರಮದಲ್ಲಿ ಅಂಕಿ ಕೊಡುವ ಪದ್ಧತಿಗೆ, ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಸಭೆ ಸೇರಿದ ಕೆನಡಾದ ನಗರದಿಂದಾಗಿ ವ್ಯಾಂಕೂವರ್ ಶೈಲಿಯೆನ್ನುತ್ತಾರೆ. ಸರ್ ಸಿ. ವಿ. ರಾಮನ್ ಅವರ ಪ್ರಸಿದ್ಧ ಪ್ರಬಂಧವನ್ನು ಮೊದಲನೆಯ ಶೈಲಿಯ ಪಠ್ಯದಲ್ಲಿ 'ರಾಮನ್, 1928' ಎಂದು ಸೂಚಿಸಿದರೆ, ಎರಡನೆಯದರಲ್ಲಿ ಅಲ್ಲೊಂದು ಅಂಕಿಯಷ್ಟೇ ಉಳಿದು, ಆಕರಸೂಚಿಯಲ್ಲಿ 'ರಾಮನ್ ಸಿ ವಿ. ಎ ನ್ಯೂ ರೇಡಿಯೇಷನ್. ಇಂಡಿಯನ್ ಜೆ ಫಿಸ್. 1928;2:387–98' ಎಂಬ ಬಿಗಿಯಾದ ಸಾಲು ಬರುತ್ತದೆ. ಅಲ್ಪವಿರಾಮ, ಓರೆ ಅಕ್ಷರ, ಸಂಕ್ಷೇಪಗಳ ಈ ಭೇದವನ್ನು ಜೊಟೆರೊದಂತಹ ಉಚಿತ ತಂತ್ರಾಂಶಕ್ಕೆ ಒಪ್ಪಿಸಬಹುದಾದುದರಿಂದ ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತಂತ್ರಾಂಶಕ್ಕೆ ಒಪ್ಪಿಸಲಾಗದ ಭಾಗವೇ ಸಂಶೋಧಕನನ್ನು ಕಾಡುವಂಥದು.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಪ್ರಸ್ತುತ ಲೇಖಕನು ಸಿದ್ಧಪಡಿಸಿದ ಹಸ್ತಪ್ರತಿಯ ವಿಷಯ ಘಟಪ್ರಭಾ ಅಚ್ಚುಕಟ್ಟಿನ ಸವಳು-ಜವಳು ಭೂಮಿ. ಎರೆಮಣ್ಣಿಗೆ ಕಾಲುವೆಯ ನೀರನ್ನು ಬಸಿಗಾಲುವೆಯಿಲ್ಲದೆ ವರ್ಷಾನುಗಟ್ಟಲೆ ಹಾಯಿಸಿದಾಗ ಅಂತರ್ಜಲ ಮೇಲೇರಿ, ನೀರು ಆವಿಯಾದ ಮೇಲೆ ಲವಣವು ಮೇಲ್ಪದರದಲ್ಲೇ ಉಳಿದು, ಕಬ್ಬು ಕೂಡ ಏಳದಂತಾಗುವ ನೆಲಕ್ಕೆ ಈ ಭಾಗದಲ್ಲಿ ಈ ಹೆಸರಿದೆ. ಇಂತಹ ನೆಲದ ಹಿಂದಿನ ಸ್ಥಿತಿಯನ್ನು ಹೇಳುವ ಮೂಲಗಳು ವಿದೇಶಿ ಪತ್ರಿಕೆಗಳಲ್ಲಿ ಸಿಗುವುದು ಅಪರೂಪ. ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯಲ್ಲಿ 1884ರಲ್ಲಿ ಹೊರಬಂದ ಬೆಳಗಾವಿ ಸಂಪುಟ, ನೀರಾವರಿ ಇಲಾಖೆಯ ಹಳೆಯ ವರದಿಗಳು, ಧಾರವಾಡದ ಕೃಷಿ ಕಾಲೇಜಿನ ಸ್ನಾತಕೋತ್ತರ ಪ್ರಬಂಧಗಳು, ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದ ಮತ್ತು ಅರಭಾವಿಯ ತೋಟಗಾರಿಕೆ ಕಾಲೇಜಿನ ಕೆಲಸ, ಇವುಗಳನ್ನು ಆಧರಿಸದೆ ಆ ಹಸ್ತಪ್ರತಿಯನ್ನು ಬರೆಯಲು ಸಾಧ್ಯವಿರಲಿಲ್ಲ.

ಈ ಮೂಲಗಳನ್ನು ದಾಖಲಿಸುವುದು ಸುಲಭವಲ್ಲ, ಏಕೆಂದರೆ ಇಲ್ಲಿ ಸಂಸ್ಥೆಗಳ ಆಡಳಿತವೂ ಊರುಗಳ ಹೆಸರೂ ಬದಲಾಗಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1986ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಅದೇ ಆವರಣದಲ್ಲಿ ಬರೆದ ಪ್ರಬಂಧದ ಮುಖಪುಟದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಅರಭಾವಿಯ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ಹುಟ್ಟಿದ ಮೇಲೆ ಅದರ ಆಡಳಿತಕ್ಕೆ ಸೇರಿತು. ಧಾರವಾಡದ 'ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್' ಈಗ 'ಜರ್ನಲ್ ಆಫ್ ಫಾರ್ಮ್ ಸೈನ್ಸಸ್' ಆಗಿದೆ. ಹೀಗಿರುವಾಗ ಮೂಲವು ಪ್ರಕಟವಾದಾಗ ಅದರ ಮುಖಪುಟದಲ್ಲಿ ಏನಿತ್ತೋ ಅದನ್ನೇ ಬರೆಯಬೇಕು. ಇಂದಿನ ಹೆಸರನ್ನು ಹಾಕಿದರೆ ಓದುಗನಿಗೆ ಗ್ರಂಥಾಲಯದಲ್ಲಿ ಆ ಮೂಲ ಸಿಗುವುದಿಲ್ಲ.

ಹಸ್ತಪ್ರತಿಯನ್ನು ಸಲ್ಲಿಸಿದ ಪತ್ರಿಕೆಯ ಕಚೇರಿಯು, ತಜ್ಞರ ಪರಿಶೀಲನೆಗೆ ಕಳುಹಿಸುವ ಮೊದಲೇ, ಆಕರಸೂಚಿಯ ಪ್ರತಿಯೊಂದು ನಮೂದಿಗೂ ಡಿಒಐ ಇರಬೇಕೆಂದೂ, ಇಲ್ಲದಿದ್ದರೆ ಆ ನಮೂದನ್ನು ತೆಗೆಯಬೇಕೆಂದೂ ಬರೆಯಿತು. ಡಿಒಐ ಎಂದರೆ ಒಂದು ಪ್ರಕಟಣೆಗೆ ಶಾಶ್ವತವಾಗಿ ಅಂಟಿಸಿದ, '10.' ಎಂದು ಆರಂಭವಾಗುವ ಗುರುತುಸಂಖ್ಯೆ. ಪ್ರಬಂಧಗಳಿಗೆ ಅದನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಕೆಲಸ ಆರಂಭಿಸಿದ್ದೇ 2000ದಲ್ಲಿ. 1884ರ ಗೆಜೆಟಿಯರ್‌ಗಾಗಲಿ, ಬೆರಳಚ್ಚಿನ ಪ್ರಬಂಧಕ್ಕಾಗಲಿ ಆ ಸಂಖ್ಯೆ ಎಲ್ಲಿಂದ ಬರಬೇಕೆಂದು ಕಚೇರಿಯ ಪತ್ರದಲ್ಲಿ ಒಂದು ಮಾತೂ ಇರಲಿಲ್ಲ. ಆ ಪತ್ರಕ್ಕಿಂತ ಹೆಚ್ಚು ನೋಯಿಸಿದ್ದು ಹಿರಿಯ ಸಹಲೇಖಕರೊಬ್ಬರ ಸಲಹೆ: ಡಿಒಐ ಇಲ್ಲದವನ್ನೆಲ್ಲ ಅಳಿಸಿ, ಆ ವಾಕ್ಯಗಳಿಗೆ ಹೊರದೇಶದ ಯಾವುದಾದರೂ ಹೊಸ ಪ್ರಬಂಧವನ್ನು ಜೋಡಿಸಿದರೆ ಸಾಕು, ಯಾರೂ ತೆರೆದು ನೋಡುವುದಿಲ್ಲ. ತಿದ್ದಿದ ಪ್ರತಿಗೆ ಕೊಟ್ಟ ಗಡುವಿನ ಹಿಂದಿನ ರಾತ್ರಿ ಅವರು ಹಾಗೆಯೇ ಮಾಡಿದ ಒಂದು ಪ್ರತಿ ಹತ್ತರಗಿಗೆ ಬಂದಿತು. ಅದರಲ್ಲಿ ತಂತ್ರಾಂಶವು ಉಲ್ಲೇಖಕ್ಕೂ ಆಕರಸೂಚಿಗೂ ನಡುವೆ ಇಟ್ಟುಕೊಳ್ಳುವ ಕೊಂಡಿಗಳೆಲ್ಲ ಕಡಿದು ಬರಿಯ ಅಕ್ಷರಗಳಾಗಿದ್ದವು. ಒಂದು ನಮೂದು ಹೋದರೆ ಅದರ ನಂತರದ ಅಂಕಿಗಳೆಲ್ಲ ಸರಿಯಬೇಕಾದ ವ್ಯಾಂಕೂವರ್ ಶೈಲಿಯಾದುದರಿಂದ, ಘಟಪ್ರಭೆಯ ಧೂಪದಾಳ ಒಡ್ಡಿನ ಬಗೆಗಿನ ವಾಕ್ಯವು ಬೇರೊಂದು ಖಂಡದ ಮರಳುಮಣ್ಣಿನ ಪ್ರಬಂಧವನ್ನು ತೋರಿಸುತ್ತಿತ್ತು. ಈ ನೆಲದಲ್ಲಿ ನಡೆದು, ಮಣ್ಣು ಅಗೆದು, ಬಾವಿಯ ನೀರಿನ ಮಟ್ಟ ಅಳೆದವರ ದುಡಿಮೆಯೆಲ್ಲ ಪಟ್ಟಿಯಿಂದ ಮಾಯವಾಗಿತ್ತು. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ಆ ಪ್ರತಿಯನ್ನು ಸಾಲುಸಾಲಾಗಿ ಓದಿದ ಲೇಖಕನಿಗೆ ಅದನ್ನು ಒಪ್ಪಿಕೊಳ್ಳಲು ಸಾಧ್ಯವಾಗಲಿಲ್ಲ. ಮೂಲವನ್ನು ಓದದೆ ಉಲ್ಲೇಖಿಸುವುದು, ಓದಿದ್ದನ್ನು ಉಲ್ಲೇಖಿಸದೆ ಬಿಡುವುದು, ಇವೆರಡೂ ಸುಳ್ಳೇ. ಯಾವ ಕಚೇರಿಯ ಅನುಕೂಲಕ್ಕಾಗಿಯೂ ಇವನ್ನು ಮಾಡಬಾರದು.

ಆ ಪ್ರತಿಯನ್ನು ಬದಿಗಿಟ್ಟು, ಗಡುವನ್ನು ಮುಂದೂಡಲು ಕೋರಿ, ಹಳೆಯ ಪ್ರತಿಯಿಂದಲೇ ಆಕರಸೂಚಿಯನ್ನು ಮತ್ತೆ ಕಟ್ಟಲಾಯಿತು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೃಷಿಕೋಶವೂ, ಇತರ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಶೋಧಗಂಗಾವೂ ಸಂಗ್ರಹಿಸುತ್ತವೆ. ಅಲ್ಲಿ ದೊರೆತ ಪ್ರಬಂಧಗಳಿಗೆ ಆ ಭಂಡಾರದ ಸ್ಥಿರ ವಿಳಾಸವನ್ನು ಕೊಟ್ಟು, ದೊರೆಯದವುಗಳಿಗೆ ಗ್ರಂಥಾಲಯದ ಹೆಸರನ್ನೂ ಪರಿಗ್ರಹಣ ಸಂಖ್ಯೆಯನ್ನೂ, ಅಂದರೆ ಪುಸ್ತಕವನ್ನು ಸೇರಿಸಿಕೊಂಡಾಗ ಗ್ರಂಥಾಲಯ ನೀಡುವ ಕ್ರಮಸಂಖ್ಯೆಯನ್ನೂ, ನಮೂದಿಸಲಾಯಿತು. ಜೊತೆಗೆ, ಯಾವ ಮೂಲಕ್ಕೆ ಡಿಒಐ ಏಕಿಲ್ಲವೆಂದು ಕಚೇರಿಗಲ್ಲದೆ ನೇರವಾಗಿ ಸಂಪಾದಕರಿಗೇ ಪತ್ರ ಬರೆಯಲಾಯಿತು. ಸಂಪಾದಕರು ಒಂದೇ ಸಾಲಿನಲ್ಲಿ ಒಪ್ಪಿದರು. ಮೊದಲ ಸಲ್ಲಿಕೆಯಲ್ಲಿ ಏಕರೂಪವಾದ ಯಾವ ಶೈಲಿಯಾದರೂ ಸಾಕೆಂದು ಎಲ್ಸೆವಿಯರ್‌ನಂತಹ ದೊಡ್ಡ ಪ್ರಕಾಶಕರ ಅನೇಕ ಪತ್ರಿಕೆಗಳೇ ಒಪ್ಪಿರುವಾಗ, ವಿಷಯವನ್ನು ತಜ್ಞರು ನೋಡುವ ಮೊದಲೇ ಆಕರಸೂಚಿಗಾಗಿ ಹಸ್ತಪ್ರತಿಯನ್ನು ತಡೆಯುವುದು ನ್ಯಾಯವಲ್ಲ.

ಇದೇ ದಾರಿಯಲ್ಲಿ ಹೊರಟವರು ಕೆಲವನ್ನು ಮುಂಚೆಯೇ ನೋಡಿಕೊಳ್ಳುವುದು ಲೇಸು. ಮೂಲವನ್ನು ಕೈಯಲ್ಲಿ ಹಿಡಿದಾಗಲೇ ಮುಖಪುಟದ ಚಿತ್ರ ತೆಗೆದಿಡಬೇಕು. ಸಹಲೇಖಕರಿಗೆ ಕೊಂಡಿಗಳಿರುವ ಕಡತವನ್ನು ಕೊಡದೆ, ಅದರ ಒಂದು ನಕಲನ್ನು ಮಾತ್ರ ಕಳುಹಿಸಬೇಕು. ಹೆಸರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: ಬೆಳಗಾವಿ, ಧಾರವಾಡಗಳ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರುಗಳು ಎಷ್ಟು ಸಾಮಾನ್ಯವೆಂದರೆ 'ಪಾಟೀಲ ಮತ್ತು ಇತರರು' ಎಂಬ ಒಂದೇ ವರ್ಷದ ಉಲ್ಲೇಖಗಳು ಬೇರೆ ಬೇರೆ ಜನರವಾಗಿರಬಹುದು. ಆಗ ವರ್ಷದ ಮುಂದೆ ಎ, ಬಿ ಎಂಬ ಅಕ್ಷರ ಸೇರಿಸುವುದರ ಜೊತೆಗೆ ಮೊದಲಕ್ಷರಗಳನ್ನೂ ಪರಿಶೀಲಿಸಬೇಕಾಗುತ್ತದೆ. ದಕ್ಷಿಣದ ಜಿಲ್ಲೆಗಳವರಲ್ಲಿ ಅಡ್ಡಹೆಸರೇ ಇಲ್ಲದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇರುವುದರಿಂದ ತಂತ್ರಾಂಶವು ಅಂಕಿತನಾಮವನ್ನೇ ಕುಲನಾಮವೆಂದು ಎಣಿಸುತ್ತದೆ; ಅದನ್ನು ಹಾಗೆಯೇ ಬಿಡುವುದು ಸರಿ.

ಅಚ್ಚಿಗೆ ಹೋಗುವ ಮುನ್ನ ಬರುವ ಕರಡನ್ನೂ ನಂಬುವಂತಿಲ್ಲ. 2014ರ ನವೆಂಬರ್ 1ರಿಂದ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದುದರಿಂದ, ಅಕ್ಷರ ಜೋಡಿಸುವವರು ಗೆಜೆಟಿಯರ್‌ನ ಶೀರ್ಷಿಕೆಯಲ್ಲಿದ್ದ 'ಬೆಲ್ಗಾಮ್' ಅನ್ನು 'ಬೆಳಗಾವಿ' ಎಂದು ತಿದ್ದಿಬಿಟ್ಟಿದ್ದರು. ಅದನ್ನು 1884ರಲ್ಲಿ ಅಚ್ಚಾಗಿದ್ದಂತೆಯೇ ಮರಳಿ ಬರೆಸಿದ ಮೇಲೆ ಕರಡನ್ನು ಹಿಂದಿರುಗಿಸಲಾಯಿತು.