ದೀರ್ಘಕಾಲದ ಜಠರದ ಉರಿಯೂತ (ಗ್ಯಾಸ್ಟ್ರೈಟಿಸ್): ಚಿಕಿತ್ಸೆ

ವ್ಯಾಖ್ಯೆ: ಜಠರದ ಒಳಪದರದ ದೀರ್ಘಕಾಲದ ಉರಿಯೂತ. ಖಚಿತಪಡಿಸುವುದು: ಎಂಡೋಸ್ಕೋಪಿ ಮತ್ತು ಬಯಾಪ್ಸಿ.

ಕಾರಣಕ್ಕೆ ತಕ್ಕ ಚಿಕಿತ್ಸೆ
1. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ (ಪ್ರಮುಖ ಕಾರಣ): ಆ್ಯಂಟಿಬಯೋಟಿಕ್ + ಆಮ್ಲ ತಗ್ಗಿಸುವ ಔಷಧ.
 • ತ್ರಿವಳಿ: ಪಿಪಿಐ (ಪ್ರೋಟಾನ್ ಪಂಪ್ ತಡೆಕಾರಕ) + ಕ್ಲಾರಿಥ್ರೋಮೈಸಿನ್ + ಅಮಾಕ್ಸಿಸಿಲಿನ್
 • ಚತುರ್ವಳಿ: ಪಿಪಿಐ + ಬಿಸ್ಮತ್ + ಟೆಟ್ರಾಸೈಕ್ಲಿನ್ + ಮೆಟ್ರೊನಿಡಜೋಲ್
 • ಅವಧಿ: ಸಾಮಾನ್ಯವಾಗಿ 14 ದಿನ
2. ಸ್ವಯಂಪ್ರತಿರಕ್ಷಣೆ: ಪೆರೈಟಲ್ ಕೋಶಗಳ ನಾಶ → ಇಂಟ್ರಿನ್ಸಿಕ್ ಫ್ಯಾಕ್ಟರ್ ಕೊರತೆ → ಪರ್ನಿಷಿಯಸ್ ರಕ್ತಹೀನತೆ. ಚಿಕಿತ್ಸೆ: ವಿಟಮಿನ್ ಬಿ12.
3. ನೋವು ನಿವಾರಕಗಳು (ಐಬುಪ್ರೊಫೇನ್, ಡೈಕ್ಲೊಫೆನಾಕ್): ವೈದ್ಯರ ಸಲಹೆಯಂತೆ ನಿಲ್ಲಿಸುವುದು, ಪಿಪಿಐ.

ಗೊಂದಲ ಬೇಡ
• ಆ್ಯಂಟಾಸಿಡ್: ಇರುವ ಆಮ್ಲವನ್ನು ತಟಸ್ಥಗೊಳಿಸುತ್ತದೆ.
• ಎಚ್2 ಬ್ಲಾಕರ್ (ಫ್ಯಾಮೋಟಿಡಿನ್): ಹಿಸ್ಟಮಿನ್ ಗ್ರಾಹಕ ತಡೆದು ಆಮ್ಲ ತಗ್ಗಿಸುತ್ತದೆ.
• ಪಿಪಿಐ (ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್): ಪ್ರೋಟಾನ್ ಪಂಪನ್ನೇ ತಡೆಯುತ್ತದೆ, ಹೆಚ್ಚು ಪರಿಣಾಮಕಾರಿ. ಊಟಕ್ಕೆ 30–60 ನಿಮಿಷ ಮುಂಚೆ ಸೇವಿಸಬೇಕು.
• ಉರಿಯೂತ ≠ ಹುಣ್ಣು: ಹುಣ್ಣು ಒಳಪದರವನ್ನು ಆಳಕ್ಕೆ ಕೊರೆಯುತ್ತದೆ.
• ಖಾರದ ಊಟ ಉರಿ ಹೆಚ್ಚಿಸಬಹುದು, ಮೂಲ ಕಾರಣವಲ್ಲ.

ನೆನಪಿಡಿ
• ಬ್ಯಾರಿ ಮಾರ್ಷಲ್, ರಾಬಿನ್ ವಾರನ್ (ಆಸ್ಟ್ರೇಲಿಯಾ): ಹೆಲಿಕೋಬ್ಯಾಕ್ಟರ್ ಪೈಲೋರಿ ಪತ್ತೆಗಾಗಿ ವೈದ್ಯಕೀಯ ನೊಬೆಲ್, 2005.
• ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು. ಜಠರದ ಉರಿಯೂತ ಉಂಟಾಯಿತು.
• 1994: ಪೈಲೋರಿ ಗುಂಪು 1ರ ಕ್ಯಾನ್ಸರ್‌ಕಾರಕ ಎಂದು ಐಎಆರ್‌ಸಿ (ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ವರ್ಗೀಕರಣ.
• ಗುಣವಾದುದರ ದೃಢೀಕರಣ: ಚಿಕಿತ್ಸೆ ಮುಗಿದು ಕನಿಷ್ಠ 4 ವಾರದ ಬಳಿಕ ಯೂರಿಯಾ ಉಸಿರಾಟ ಪರೀಕ್ಷೆ ಅಥವಾ ಮಲದ ಆ್ಯಂಟಿಜನ್ ಪರೀಕ್ಷೆ. ರಕ್ತದ ಪ್ರತಿಕಾಯ ಪರೀಕ್ಷೆ ಇದಕ್ಕೆ ಸಲ್ಲದು.