ಕ್ರಮವಿಧಿ ಕೈಪಿಡಿಯಿಂದ ವಿದ್ಯುನ್ಮಾನ ಪುಸ್ತಕಕ್ಕೆ

1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕ ರೈಲು ಬೋರಿಬಂದರದಿಂದ ಠಾಣೆಯವರೆಗೆ ಸುಮಾರು 34 ಕಿಲೋಮೀಟರು ಚಲಿಸಿತು. ಮರುವರ್ಷ ಹಳಿಯು ಕಲ್ಯಾಣವನ್ನು ತಲುಪಿತು. 2004ರಲ್ಲಿ ಠಾಣೆ ಮತ್ತು ವಾಶಿಗಳ ನಡುವೆ ಪ್ರಯಾಣಿಕರ ಗಾಡಿಗಳು ಆರಂಭವಾಗಿ ನವಿ ಮುಂಬಯಿಯ ಐರೋಲಿ, ತುರ್ಭೆಗಳಿಗೂ ಸಂಪರ್ಕ ದೊರೆಯಿತು. ಡೊಂಬಿವಲಿ, ಕಲ್ಯಾಣಗಳಿಂದ ಈ ಮಾರ್ಗಗಳಲ್ಲಿ ಕಾಲೇಜುಗಳಿಗೂ ತಂತ್ರಾಂಶ ಕಚೇರಿಗಳಿಗೂ ನಿತ್ಯ ಹೋಗಿಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಇಂತಹವರಿಗೆ ವ್ಯಾಸಂಗದ ಬಿಡುವು ದೊರೆಯುವುದು ಹಲವೊಮ್ಮೆ ಗಾಡಿಯಲ್ಲಿಯೇ. ಕಾಲಿಡಲು ಸ್ಥಳವಿಲ್ಲದ ಡಬ್ಬಿಯಲ್ಲಿ ಸಾವಿರ ಪುಟಗಳ ಕೈಪಿಡಿಯನ್ನು ಬಿಡಿಸಿ ಓದಲಾಗದು. ಅಂತರಜಾಲದ ಸಂಪರ್ಕವಿಲ್ಲದೆಯೂ ಅಂಗೈಯಗಲದ ಪರದೆಯ ಮೇಲೆ ಓದಬಹುದಾದ ವಿದ್ಯುನ್ಮಾನ ಪುಸ್ತಕವು ಅವರಿಗೆ ಬಹಳ ಉಪಯುಕ್ತ. ಆದರೆ ಗಣಕಯಂತ್ರದ ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಮ್‌ಗಳನ್ನು, ಕಲಿಸುವ ಕೈಪಿಡಿಯನ್ನು ಈ ರೂಪಕ್ಕೆ ತರುವಾಗ ಕಥೆ ಕಾದಂಬರಿಗಳಿಗೆ ಬೇಡವಾದ ಎಚ್ಚರಿಕೆ ಬೇಕಾಗುತ್ತದೆ.

ಸ್ಥಿರಪುಟ ಮತ್ತು ಹರಿಯುವ ಪಠ್ಯ

ಪಿಡಿಎಫ್ ಕಡತವು ಮುದ್ರಿತ ಪುಟದ ಪ್ರತಿಬಿಂಬ. ಅದರಲ್ಲಿ ಪ್ರತಿಯೊಂದು ಅಕ್ಷರದ ಸ್ಥಾನವೂ ನಿಶ್ಚಿತ. ದೊಡ್ಡ ಪುಟವನ್ನು ಚಿಕ್ಕ ಪರದೆಗೆ ಕುಗ್ಗಿಸಿದರೆ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ. ಇ-ಪಬ್ ಎಂಬ ರೂಪದಲ್ಲಿ ಹಾಗಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಪಠ್ಯವು ತಾನಾಗಿ ಹರಿದು ಹೊಂದಿಕೊಳ್ಳುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ಡಿಜಿಟಲ್ ಪ್ರಕಾಶನ ವೇದಿಕೆಯು ಇದನ್ನು ಮಾನಕವಾಗಿ ಅಂಗೀಕರಿಸಿತು. 2017ರಿಂದ ಇದರ ಹೊಣೆ ವಿಶ್ವವ್ಯಾಪಿ ಜಾಲ ಒಕ್ಕೂಟಕ್ಕೆ ಸೇರಿದೆ.

ಇ-ಪಬ್ ಪುಸ್ತಕವೆಂದರೆ ಹಲವು ಕಡತಗಳನ್ನು ಒಂದೇ ಜಿಪ್ ಕಡತದಲ್ಲಿ ಕಟ್ಟಿಟ್ಟ ಗಂಟು. ಅಧ್ಯಾಯಗಳು, ಚಿತ್ರಗಳು, ಅಕ್ಷರವಿನ್ಯಾಸದ ಸೂಚನೆಗಳು ಅದರೊಳಗೆ ಬೇರೆಬೇರೆಯಾಗಿರುತ್ತವೆ. ಯಾವ ಅಧ್ಯಾಯದ ಅನಂತರ ಯಾವುದು ಬರಬೇಕೆಂಬುದನ್ನು ಒಂದು ಪಟ್ಟಿಯು ತಿಳಿಸುತ್ತದೆ. ಪರಿವಿಡಿಯಿಂದ ಬೇಕಾದ ಭಾಗಕ್ಕೆ ನೇರವಾಗಿ ಹೋಗುವ ವ್ಯವಸ್ಥೆಯೂ ಇರುತ್ತದೆ. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ; ಬೇಕಾದುದನ್ನು ಹುಡುಕಿ ಓದುವವರೇ ಹೆಚ್ಚು. ಆದುದರಿಂದ ಈ ವ್ಯವಸ್ಥೆಯು ಸರಿಯಾಗಿಲ್ಲದ ಕೈಪಿಡಿ ನಿರುಪಯುಕ್ತವಾಗುತ್ತದೆ.

ಖಾಲಿ ಸ್ಥಳಕ್ಕೂ ಅರ್ಥವಿದೆ

ಪಠ್ಯವು ಹರಿಯುವ ಗುಣವೇ ಕ್ರಮವಿಧಿಯ ಸಾಲುಗಳಿಗೆ ಅಪಾಯವನ್ನು ತರುತ್ತದೆ. ಪೈಥಾನ್ ಭಾಷೆಯಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಸ್ಥಳವು ಅಲಂಕಾರವಲ್ಲ, ವ್ಯಾಕರಣ. ಐದು ದಿನಗಳ ರೈಲು ವೆಚ್ಚವನ್ನು ಒಂದೊಂದಾಗಿ ಕೂಡಿಸಿ, ಕೊನೆಗೆ ಒಮ್ಮೆ ಮೊತ್ತವನ್ನು ತೋರಿಸುವ ಕ್ರಮವಿಧಿಯೊಂದನ್ನು ಊಹಿಸಿಕೊಳ್ಳಬಹುದು. ಪರಿವರ್ತನೆಯಲ್ಲಿ ಮೊತ್ತವನ್ನು ತೋರಿಸುವ ಸಾಲು ನಾಲ್ಕು ಅಕ್ಷರಗಳಷ್ಟು ಒಳಸರಿದು ಕೂಡುವ ಸಾಲಿನ ನೇರಕ್ಕೆ ನಿಂತರೆ, ಮೊತ್ತವು ಐದು ಸಲ ಕಾಣಿಸಿಕೊಳ್ಳುತ್ತದೆ. ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಕಲಿಯುವವನು ಮಾತ್ರ ತನ್ನ ತಿಳಿವಳಿಕೆಯೇ ತಪ್ಪೆಂದು ಭಾವಿಸಿ ಧೈರ್ಯಗೆಡುತ್ತಾನೆ.

ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗುವುದು, ಎರಡು ಕಿರುಗೆರೆಗಳು ಸೇರಿ ಒಂದು ಉದ್ದಗೆರೆಯಾಗುವುದು ಇತರ ಸಾಮಾನ್ಯ ದೋಷಗಳು. ಕಣ್ಣಿಗೆ ಅಂದವಾಗಿ ಕಂಡರೂ ಇವುಗಳನ್ನು ಯಂತ್ರವು ಒಪ್ಪುವುದಿಲ್ಲ. ಆದುದರಿಂದ ಕ್ರಮವಿಧಿಯ ಸಾಲುಗಳನ್ನು 'ಇದ್ದಂತೆಯೇ ಇರಿಸಬೇಕಾದ ಪಠ್ಯ' ಎಂದು ಗುರುತಿಸಿ, ಎಲ್ಲ ಅಕ್ಷರಗಳೂ ಸಮಾನ ಅಗಲವಿರುವ ವಿನ್ಯಾಸದಲ್ಲಿ ಕೊಡಬೇಕು. ಅವುಗಳನ್ನು ಚಿತ್ರವಾಗಿ ಸೇರಿಸುವುದು ಸುಲಭವೆನಿಸಿದರೂ ತರವಲ್ಲ. ಚಿತ್ರದಿಂದ ಸಾಲುಗಳನ್ನು ಪ್ರತಿಮಾಡಲಾಗದು, ಹುಡುಕಲಾಗದು. ದೃಷ್ಟಿಹೀನರಿಗೆ ಓದಿಹೇಳುವ ತಂತ್ರಾಂಶಕ್ಕೂ ಅದು ನೆರವಾಗದು.

ಮೂಲದಿಂದಲೇ ಪರಿವರ್ತನೆ

ಪೈಥಾನ್‌ನ ಅಧಿಕೃತ ಕೈಪಿಡಿಯು ಇಲ್ಲಿ ಉತ್ತಮ ನಿದರ್ಶನ. ಅದರ ಮೂಲವು ಸರಳ ಪಠ್ಯರೂಪದಲ್ಲಿದ್ದು, ಶೀರ್ಷಿಕೆ ಯಾವುದು, ವಿವರಣೆ ಯಾವುದು, ಕ್ರಮವಿಧಿ ಯಾವುದು ಎಂಬ ಗುರುತುಗಳು ಅದರಲ್ಲಿಯೇ ಇರುತ್ತವೆ. 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್ ಎಂಬ ಸಾಧನದ ಮೂಲಕ ಆ ಒಂದೇ ಮೂಲದಿಂದ ಜಾಲಪುಟ, ಪಿಡಿಎಫ್, ಇ-ಪಬ್ ರೂಪಗಳನ್ನು ಪಡೆಯಬಹುದು. ಮೂಲವನ್ನು ತಿದ್ದಿ ಮತ್ತೊಮ್ಮೆ ಸಿದ್ಧಪಡಿಸಿದರೆ ಎಲ್ಲ ರೂಪಗಳೂ ತಿದ್ದಲ್ಪಡುತ್ತವೆ.

ರೂಪದಿಂದ ರೂಪಕ್ಕೆ ಬದಲಿಸಲು ಕ್ಯಾಲಿಬರ್ ಎಂಬ ಮುಕ್ತ ತಂತ್ರಾಂಶವೂ ಬಳಕೆಯಲ್ಲಿದೆ. ಭಾರತೀಯ ಮೂಲದ ಕೋವಿದ್ ಗೋಯಲ್ ಅವರು 2006ರಲ್ಲಿ, ತಾವು ಕೊಂಡ ಓದುಯಂತ್ರವು ಲಿನಕ್ಸ್‌ನೊಡನೆ ಹೊಂದಿಕೊಳ್ಳದಿದ್ದಾಗ, ಇದನ್ನು ಆರಂಭಿಸಿದರು. ಜಾಲಪುಟದ ರೂಪದಲ್ಲಿರುವ ಕೈಪಿಡಿಯನ್ನು ಇದು ಚೆನ್ನಾಗಿ ಪರಿವರ್ತಿಸುತ್ತದೆ. ಪಿಡಿಎಫ್‌ನಿಂದ ಹೊರಟರೆ ಮಾತ್ರ ಪರಿಚ್ಛೇದ ಎಲ್ಲಿ ಮುಗಿಯಿತೆಂಬುದನ್ನು ತಂತ್ರಾಂಶವು ಊಹಿಸಬೇಕಾಗುತ್ತದೆ. ಪುಟಸಂಖ್ಯೆಗಳು ವಾಕ್ಯದ ನಡುವೆ ಬಂದು ಬೀಳುತ್ತವೆ. ಮೂಲವು ದೊರೆಯುವಾಗ ಪಿಡಿಎಫ್‌ನಿಂದ ಪರಿವರ್ತಿಸುವುದು ವ್ಯರ್ಥ ಶ್ರಮ.

ಕನ್ನಡ ಪಾಠಗಳ ವಿಶೇಷ ಸಮಸ್ಯೆ

ಡೊಂಬಿವಲಿಯ ಕರ್ನಾಟಕ ಸಂಘದಂತಹ ಸಂಸ್ಥೆಗಳು ಬೆಳೆದ ಈ ಪ್ರದೇಶದಲ್ಲಿ ಕನ್ನಡದಲ್ಲಿ ಗಣಕಪಾಠಗಳನ್ನು ಸಿದ್ಧಪಡಿಸಲು ಬಯಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯವು ಆ ಶೈಲಿ ಇಲ್ಲದ ಸಾಧನದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಆದುದರಿಂದ ಅದನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಆದರೆ ಹಾಗೆ ಬದಲಿಸುವಾಗ ಕ್ರಮವಿಧಿಯ ಸಾಲುಗಳನ್ನು ಪ್ರತ್ಯೇಕವಾಗಿರಿಸುವುದು ಅವಶ್ಯಕ. ಇಲ್ಲವಾದರೆ ಪರಿವರ್ತಕವು ಆ ರೋಮನ್ ಅಕ್ಷರಗಳನ್ನೂ ಹಳೆಯ ಕನ್ನಡ ಸಂಕೇತಗಳೆಂದೇ ಬಗೆದು ಅರ್ಥಹೀನ ಕನ್ನಡವಾಗಿ ಮಾರ್ಪಡಿಸುತ್ತದೆ. ಪುಸ್ತಕದ ಭಾಷೆ ಕನ್ನಡವೆಂದು ಒಳಗಿನ ಪಟ್ಟಿಯಲ್ಲಿ ನಮೂದಿಸಿದರೆ ಓದಿಹೇಳುವ ತಂತ್ರಾಂಶಕ್ಕೆ ಸರಿಯಾದ ಧ್ವನಿಯನ್ನು ಆರಿಸಲು ಅನುಕೂಲವಾಗುತ್ತದೆ.

ಕೊನೆಯ ಪರೀಕ್ಷೆ

ಅನ್ಯರ ಕೈಪಿಡಿಯನ್ನು ಪರಿವರ್ತಿಸಿ ಹಂಚುವ ಮೊದಲು ಅದರ ಪರವಾನಗಿಯು ಅದಕ್ಕೆ ಅನುಮತಿ ನೀಡುವುದೇ ಎಂದು ನೋಡಬೇಕು. ಕ್ರಮವಿಧಿಯ ಭಾಷೆಗಳು ಆಗಾಗ ಬದಲಾಗುವುದರಿಂದ ಯಾವ ಆವೃತ್ತಿಗೆ ಸಂಬಂಧಿಸಿದ ಕೈಪಿಡಿ ಎಂಬುದನ್ನೂ ದಿನಾಂಕವನ್ನೂ ಮೊದಲ ಪುಟದಲ್ಲಿ ಕಾಣಿಸಬೇಕು. ಕಡತದ ರಚನೆಯನ್ನು ಇಪಬ್‌ಚೆಕ್ ಎಂಬ ಸಾಧನದಿಂದ ಪರೀಕ್ಷಿಸಬಹುದು. ಆದರೆ ರಚನೆ ಸರಿಯಿದ್ದ ಮಾತ್ರಕ್ಕೆ ಪಾಠವು ಸರಿಯೆಂದಾಗುವುದಿಲ್ಲ. ಸಿದ್ಧವಾದ ಪುಸ್ತಕವನ್ನು ಚಿಕ್ಕ ಪರದೆಯಲ್ಲಿ ತೆರೆದು, ಅದರೊಳಗಿನ ಕ್ರಮವಿಧಿಗಳನ್ನು ಪ್ರತಿಮಾಡಿ ಗಣಕದಲ್ಲಿ ನಡೆಸಿ ನೋಡಬೇಕು. ಮೂಲದಲ್ಲಿ ಹೇಳಿದ ಫಲಿತಾಂಶವೇ ಬಂದರೆ ಆ ಪುಸ್ತಕವನ್ನು ಕಲಿಯುವವರ ಕೈಗೆ ಕೊಡಬಹುದು.